ಎರಡು ಒಲೆಯ ಮನೆ

ದಸರೆ ಮುಗಿದ ಮರುವಾರ ಅನಸುಬಾಯಿ ತನ್ನ ಮನೆಯಲ್ಲಿ ತಾನೇ ಬೇರೆಯಾದಳು. ಚಿತ್ತಾಪುರದ ಆ ಓಣಿಯಲ್ಲಿ ಸೊಸೆಯಂದಿರು ಒಲೆ ಬೇರೆ ಮಾಡಿಕೊಂಡದ್ದು ಎಷ್ಟೋ ಉಂಟು, ಅದನ್ನು ಯಾರೂ ಹೆಚ್ಚು ದಿನ ಆಡಿಕೊಳ್ಳುವುದಿಲ್ಲ. ಆದರೆ ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟು, ಮನೆಯ ಒಡತಿಯೇ ಪಡಸಾಲೆಯ ಮೂಲೆಯಲ್ಲಿ ಸಣ್ಣದೊಂದು ಗ್ಯಾಸಿನ ಒಲೆ ಇಟ್ಟುಕೊಂಡು ರೊಟ್ಟಿ ಬಡಿಯಲು ಕೂತರೆ ಓಣಿ ಸುಮ್ಮನಿರುತ್ತದೆಯೇ?

ಮೊದಲು ಬಂದವಳು ಎದುರು ಮನೆಯ ಸೈದಾನಬಿ.

"ಏನಕ್ಕಾ ಇದು? ಸೊಸಿ ಕೈ ಅಡಗಿ ಸೇರವಲ್ದೇನು?"

"ನನಗ ಸುಗರ್ ಅದಲ್ಲ ತಂಗಿ. ನನ್ನ ಪಥ್ಯಾ ನನಗ."

"ಮೊನ್ನಿ ತನಕ ಅದೇ ಸೊಸಿನೇ ನಿನ್ನ ಪಥ್ಯಾ ಮಾಡ್ತಿದ್ಳಲ್ಲ?"

ಅನಸುಬಾಯಿ ಹಿಟ್ಟಿಗೆ ನೀರು ಜಾಸ್ತಿ ಸುರಿದುಬಿಟ್ಟಳು. ಇಷ್ಟು ವರ್ಷ ರೊಟ್ಟಿ ಬಡಿದ ಕೈ ಅದು, ಅಂದಾಜು ತಪ್ಪುವ ಕೈಯಲ್ಲ. ಸೈದಾನಬಿ ಅದನ್ನೂ ನೋಡಿಯೇ ಎದ್ದು ಹೋದಳು.

ನಿಜ ಸಂಗತಿ ಬೇರೆ ಇತ್ತು. ಅನಸುಬಾಯಿಯ ಒಬ್ಬನೇ ಮಗ ದೇವಿಂದ್ರ ವಾಡಿಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸೊಸೆ ಕರುಣಾ ಊರಿನ ದವಾಖಾನೆಯಲ್ಲಿ ನರ್ಸು. ಗಂಡ ಹೆಂಡತಿಗೆ ಮಾತು ಬೆಳೆದದ್ದು ಮಗಳು ಮೈತ್ರಿಯ ಶಾಲೆಯ ಮೇಲೆ. ಚಿಂಚೋಳಿ ಕಡೆಯ ಒಂದು ವಸತಿ ಶಾಲೆಗೆ ಹಾಕೋಣ ಎಂದು ಅವನು. ಹನ್ನೊಂದು ವರ್ಷದ ಹುಡುಗಿ, ಕಣ್ಣೆದುರಿಗೇ ಓದಲಿ ಎಂದು ಅವಳು. ಜಗಳ ಅಂದಮೇಲೆ ಒಂದೇ ಮಾತಿನಲ್ಲಿ ನಿಲ್ಲುತ್ತದೆಯೇ? ಅವಳ ಪಗಾರ ಬಂತು, ಅವನ ಕುಡಿತ ಬಂತು, ತವರಿನವರು ಬಂದರು, ಕೊನೆಗೆ ಒಂದು ದಿನ ಅವನ ಕೈಯೂ ಮೇಲೆ ಬಂತು. ಮೈಮೇಲೆ ಕೈ ಮಾಡಿದವನ ಜೊತೆ ಮಾತಿಲ್ಲ ಎಂದಳು ಕರುಣಾ. ದೇವಿಂದ್ರ ಬಟ್ಟೆಬರೆ ಕಟ್ಟಿಕೊಂಡು ವಾಡಿಗೆ ಹೋಗಿ ಬಾಡಿಗೆ ಕೋಣೆ ಹಿಡಿದ, ಮೂರು ತಿಂಗಳಿಗೆ ವಿಚ್ಛೇದನದ ಕೇಸು ಹಾಕಿದ.

ಕರುಣಾ ಮನೆ ಬಿಟ್ಟು ಹೋಗುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳು ಹೋಗಲಿಲ್ಲ. "ಈ ಮನಿಗೆ ಮದಿವಿ ಆಗಿ ಬಂದೀನಿ. ನನ್ನ ಮಗಳು ಹತ್ತನೇತ್ತೆ ಮುಗಿಸೋ ತನಕ ಇಲ್ಲೇ ಇರ್ತೀವಿ" ಎಂದು ಕೋರ್ಟಿನಲ್ಲಿಯೂ ಬರೆಸಿಕೊಟ್ಟಳು.

ಮನೆ ಇದ್ದದ್ದು ಅನಸುಬಾಯಿಯ ಹೆಸರಿಗೆ. ಗಂಡ ಲಾಲಪ್ಪ ಶಹಾಬಾದದ ಕಲ್ಲು ಖಣಿಯಲ್ಲಿ ಬೆನ್ನು ಬಾಗಿಸಿ ದುಡಿದು, ನೆಲಕ್ಕೂ ಗೋಡೆಗೂ ಅಲ್ಲಿಯದೇ ಕಲ್ಲು ತಂದು ಕಟ್ಟಿಸಿದ ಮನೆ. ಅದನ್ನು ಸೊಸೆ ನುಂಗಿಬಿಡುತ್ತಾಳೆ ಎಂದು ಮಗ ವಾರಕ್ಕೊಮ್ಮೆ ಅವ್ವನ ಕಿವಿ ಊದುತ್ತಿದ್ದ. ಅವನ ವಕೀಲ ಚೌಡೇಶ ಒಂದು ದಿನ ಚಹಾ ಕುಡಿಯುತ್ತಾ ಸಲೀಸಾಗಿ ಹೇಳಿದ:

"ನೋಡ್ರಿ ಅಮ್ಮಾ, ಅತ್ತಿ ಸೊಸಿ ಒಂದೇ ಒಲಿ ಮ್ಯಾಲ ಉಣ್ಲಿಕತ್ರ ಅದು ಆಕಿ ಮನಿ ಅಂತ ಆಗ್ತದ. ಒಲಿ ಬ್ಯಾರೆ ಮಾಡ್ರಿ. ಆಕಿ ಕೈದು ನೀರೂ ಮುಟ್ಟಬ್ಯಾಡ್ರಿ. ಹುಡುಗಿಗಿ ಮಾತ್ರ ನೀವೇ ಉಣಸ್ರಿ."

ಕಾನೂನಿನಲ್ಲಿ ಹಾಗೆ ಇದೆಯೋ ಇಲ್ಲವೋ ಅನಸುಬಾಯಿ ಕೇಳಲಿಲ್ಲ. ಕರಿ ಕೋಟಿನವನು ಹೇಳಿದ, ಹೊಟ್ಟೆಯಲ್ಲಿ ಹುಟ್ಟಿದವನು ತಲೆಯಾಡಿಸಿದ, ಅಷ್ಟು ಸಾಕಾಯಿತು.

ಮೊದಲ ದಿನ ಸಂಜೆ ಡ್ಯೂಟಿ ಮುಗಿಸಿ ಬಂದ ಕರುಣಾ ಪಡಸಾಲೆಯಲ್ಲಿ ನಿಂತು ಒಲೆ ನೋಡಿದಳು, ಅತ್ತೆಯ ಮುಖ ನೋಡಿದಳು.

"ನಾ ಏನರೆ ಅಂದೀನೇನ್ರಿ ಅತ್ತಿ?"

"ಇಲ್ಲವಾ."

"ಮತ್ತ?"

"ನನ್ನ ಪಥ್ಯಾ..."

"ಯಾರು ಹೇಳಿಕೊಟ್ರು ಅಂತ ಗೊತ್ತದರಿ ನನಗ" ಎಂದು ಅವಳು ಒಳಗೆ ಹೋದಳು. ಬೈದಿದ್ದರೆ ಅನಸುಬಾಯಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಸೂಜಿ ಹಿಡಿದು ಬಂದು, "ಬೆರಳು ಕೊಡ್ರಿ" ಎಂದು ಸಕ್ಕರೆ ನೋಡಿ, "ಗುಳಗಿ ಮರೀಬ್ಯಾಡ್ರಿ" ಎಂದು ಡ್ಯೂಟಿಗೆ ಹೋದಳು. ಒಂದೇ ಮನೆಯಲ್ಲಿ ತನ್ನ ಕೈಯ ನೀರೂ ಮುಟ್ಟದ ಅತ್ತೆಯ ಬೆರಳನ್ನು ಸೊಸೆ ದಿನಾ ಹಿಡಿದು ನೋಡುವುದು ಎಂಥ ನಾಚಿಕೆಯ ಸಂಗತಿ ಎಂದು ಅನಸುಬಾಯಿಗೆ ಅನ್ನಿಸದೆ ಇರಲಿಲ್ಲ. ಅನ್ನಿಸಿತು, ಆದರೂ ಒಲೆ ಆರಿಸಲಿಲ್ಲ.

ಮೈತ್ರಿಗೆ ಮೊದಮೊದಲು ಇದು ಆಟವಾಗಿತ್ತು. ಆಯಿಯ ಕಡೆ ಒಂದು ರೊಟ್ಟಿ, ಪುಂಡಿಪಲ್ಯ. ಅಮ್ಮನ ಕಡೆ ಅನ್ನ, ಬೇಳೆ. ಎರಡು ಒಲೆಯ ನಡುವೆ ತಟ್ಟೆ ಹಿಡಿದು ಓಡಾಡಿದಳು. ಹುಡುಗಿ ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು, ಆ ಒಂದು ಕೂಗಿಗೆ ಅನಸುಬಾಯಿಯ ಅರ್ಧ ಜೀವ.

ಆಮೇಲೆ ಕೇಳುವುದು ಶುರುವಾಯಿತು. ರವಿವಾರ ದೇವಿಂದ್ರ ಬಂದು ಬಾಗಿಲಲ್ಲೇ ನಿಂತು ಮಗಳನ್ನು ಕರೆದುಕೊಂಡು ಹೋಟೆಲಿಗೆ ಹೋಗುತ್ತಿದ್ದ, ಪೂರಿ ಕೊಡಿಸಿ ಕೇಳುತ್ತಿದ್ದ: "ಖರೇ ಹೇಳು, ಈ ವಾರ ಯಾರ ಕಡಿ ಜಾಸ್ತಿ ಉಂಡಿ?" ಅನಸುಬಾಯಿ ತಾನೇನು ಕಡಿಮೆ? "ನಿಮ್ಮವ್ವ ಏನ್ ಮಾಡಿದ್ಳು ಮುಂಜಾನಿ? ಬರೇ ಉಪ್ಪಿಟ್ಟೇನು?" ಎಂದು ಕೆದಕುತ್ತಿದ್ದಳು. ಕರುಣಾ ಕೂಡ ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು: "ಆಯಿ ಕಡಿ ಉಂಡ್ಯಾ? ನಾ ಮಾಡಿಟ್ಟಿದ್ದು ಯಾಕ ಹಂಗೇ ಅದ?"

ಕೇಳುವ ದನಿಯಲ್ಲೇ ಸಿಟ್ಟಿತ್ತು, ಮೂವರದ್ದೂ. ಹುಡುಗಿ ಎರಡೂ ಕಡೆ ನಡುಗುವುದನ್ನು ನೋಡಲು ಯಾರಿಗೂ ಪುರಸತ್ತಿರಲಿಲ್ಲ.

ದೀಪಾವಳಿ ಹೊತ್ತಿಗೆ ಮೈತ್ರಿಯ ಉತ್ತರ ಸರಳವಾಯಿತು. "ಬಾ, ರೊಟ್ಟಿ ಬಿಸಿ ಅದ" ಎಂದರೆ, "ಉಂಡೀನಿ ಆಯಿ, ಮಮ್ಮಿ ಕೊಟ್ಟಾಳ" ಎಂದು ಶಾಲೆಯ ಬ್ಯಾಗು ಏರಿಸಿ ಹೊರಡುತ್ತಿದ್ದಳು. ಅನಸುಬಾಯಿಯ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ಹುಡುಗಿ ತನ್ನ ಕೈ ಬಿಟ್ಟು ಅವ್ವನ ಕಡೆ ವಾಲಿತಲ್ಲ ಎಂಬ ಉರಿ. ಮಾಡಿದ ರೊಟ್ಟಿಯನ್ನು ಸೈದಾನಬಿಯ ಮೇಕೆಗೆ ಹಾಕಿ ಬರುತ್ತಿದ್ದಳು.

"ನಿನ್ನ ಮೊಮ್ಮಗಳು ಭಾಳ ಸೊರಗ್ಯಾಳಕ್ಕಾ" ಎಂದಳು ಸೈದಾನಬಿ ಒಮ್ಮೆ, ಮೇಕೆಯ ಮುಂದೆಯೇ. "ಮೊನ್ನಿ ನಮ್ಮನ್ಯಾಗ ಬಂದು ನಿಂತಿದ್ಳು. ಎರಡು ಖಜೂರ ಕೊಟ್ಟೆ, ಗಬಗಬ ತಿಂದ್ಳು."

"ಬೆಳಿಯೋ ಹುಡುಗಿ, ಏನೇ ಕೊಟ್ರೂ ತಿಂತದ."

"ಬೆಳಿಯೋರು ಸೊರಗ್ತಾರೇನು?"

"ಆಕಿ ಅವ್ವ ನರ್ಸ್ ಅದಾಳ, ನೋಡ್ಕೋತಾಳ ಬಿಡು" ಎಂದು ಅನಸುಬಾಯಿ ಮುಖ ತಿರುವಿಕೊಂಡು ಬಂದಳು.

ಕೋರ್ಟಿಗೆ ಕರೆಸಿದ ದಿನ ದೇವಿಂದ್ರ ಅವ್ವನಿಗೆ ಹೊಸ ಸೀರೆ ಉಡಿಸಿದ್ದ. ಸಾಕ್ಷಿ ಕಟ್ಟೆಯಲ್ಲಿ ನಿಂತು ಸತ್ಯವನ್ನೇ ಹೇಳುತ್ತೇನೆ ಎಂದು ಅನಸುಬಾಯಿ ಕೈ ಎತ್ತಿದಳು. ಆ ಕೈ ಇಳಿಯುವುದರೊಳಗೆ ಚೌಡೇಶ ಕೇಳಿದ:

"ಸೊಸಿ ನಿಮ್ಮ ಕೂಡ ಉಣ್ತಾರೇನ್ರಿ?"

"ಇಲ್ರಿ. ಒಲಿ ಬ್ಯಾರೆ ಅವರಿ."

"ಎಷ್ಟ ದಿನದಿಂದ?"

"ಮದ್ಲಿಂದನೂ ಹಂಗೇ ಅದರಿ."

"ಮೊಮ್ಮಗಳಿಗೆ ಉಣಸೋರು ಯಾರು?"

"ನಾನೇ ಉಣಸ್ತೀನ್ರಿ. ಮುಂಜಾನಿ, ಸಂಜಿ, ಶಾಲಿ ಡಬ್ಬಿ, ಎಲ್ಲಾ ನನ್ನ ಕೈಲೇ. ಆಕಿ ಅವ್ವಗ ಡ್ಯೂಟಿ ಇರ್ತದರಿ."

ಜಡ್ಜ್ ಮೇಡಂ ಅದನ್ನು ಬರೆಸಿಕೊಂಡರು. ಬೆಂಚಿನ ಮೇಲೆ ಕೂತಿದ್ದ ಕರುಣಾ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಆ ನೋಟವನ್ನು ಅನಸುಬಾಯಿ ಮನೆಯ ತನಕ ಹೊತ್ತುಕೊಂಡು ಬಂದಳು. ಸಂಜೆ ಅದೇ ಸೊಸೆ ಬಂದು ಬೆರಳಿಗೆ ಸೂಜಿ ಚುಚ್ಚಿ ನೋಡಿ, "ಭಾಳ ಏರ್ಯಾದರಿ. ಇವತ್ತ ಅನ್ನ ಉಣಬ್ಯಾಡ್ರಿ" ಎಂದಳು. ಅನಸುಬಾಯಿ ಆ ರಾತ್ರಿ ರೊಟ್ಟಿಯನ್ನೂ ಉಣ್ಣಲಿಲ್ಲ, ಯಾರೂ ಕೇಳಲೂ ಇಲ್ಲ.

ಅದಾಗಿ ವಾರವೂ ತುಂಬಿರಲಿಲ್ಲ. ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ಸಾಲಿನಲ್ಲಿ ನಿಂತ ಮೈತ್ರಿ ನಿಂತಲ್ಲೇ ಕುಸಿದಳು. ಮಾಸ್ತರರು ಆಟೋದಲ್ಲಿ ಹಾಕಿಕೊಂಡು ತಂದದ್ದು ಕರುಣಾ ಡ್ಯೂಟಿಯಲ್ಲಿದ್ದ ದವಾಖಾನೆಗೇ. ಸೈದಾನಬಿಗೆ ಸುದ್ದಿ ಮುಟ್ಟಿ, ಅವಳು ಅನಸುಬಾಯಿಯ ರಟ್ಟೆ ಹಿಡಿದು ಕರೆತಂದಳು. ಹುಡುಗಿ ಕಾಟಿನ ಮೇಲೆ ಮಲಗಿತ್ತು, ಕೈಗೆ ಸಲಾಯಿನ್ ಹಚ್ಚಿತ್ತು. ಮುಖ ಕಂದಿತ್ತು.

"ಮುಂಜಾನಿ ಏನ್ ತಿಂದಾಳ ಹುಡುಗಿ?" ಎಂದು ಡಾಕ್ಟರು ಕೇಳಿದರು.

"ಎರಡ ರೊಟ್ಟಿ ಉಂಡಾಳ್ರಿ ಸರ್, ಅತ್ತಿ ಕಡಿ" ಎಂದಳು ಕರುಣಾ.

"ನನ್ನ ಕಡಿ?" ಅನಸುಬಾಯಿ ಬಾಯಿ ತೆರೆದಳು. "ನಿನ್ನ ಕಡಿ ಉಪ್ಪಿಟ್ಟು ತಿಂದು ಬಂದೀನಿ ಅಂದ್ಳಲ್ಲವಾ!"

"ನಾ ಇವತ್ತ ಉಪ್ಪಿಟ್ಟೇ ಮಾಡಿಲ್ಲ."

"ನಿನ್ನೆ ಸಂಜಿ?"

"ನಿಮ್ಮ ಕಡಿ ಅಂದ್ಳು."

"ಶಾಲಿ ಡಬ್ಬಿ?"

ಇಬ್ಬರೂ ಹುಡುಗಿಯ ಬ್ಯಾಗಿನ ಕಡೆ ನೋಡಿದರು. ಕರುಣಾ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಣಗಿದ ಡಬ್ಬಿ, ಒಂದು ಅಗುಳೂ ಇರಲಿಲ್ಲ. ಡಾಕ್ಟರು ಅತ್ತೆಯನ್ನೂ ಸೊಸೆಯನ್ನೂ ನೋಡಿ, "ಎಷ್ಟೋ ದಿನದಿಂದ ಹೊಟ್ಟಿ ತುಂಬ ಉಂಡಿಲ್ಲ ಇದು. ನೀ ಸಿಸ್ಟರ್ ಆಗಿ ನೋಡ್ಲಿಲ್ಲೇನಮ್ಮಾ?" ಎಂದರು. ಕರುಣಾ ಗೋಡೆಗೆ ಒರಗಿ, ಯೂನಿಫಾರ್ಮಿನ ಮೇಲೆಯೇ ಅತ್ತಳು. ತಾನು ಅಳುವ ಹಕ್ಕೂ ಕಳೆದುಕೊಂಡವಳಂತೆ ಅನಸುಬಾಯಿ ಕಾಟಿನ ಕಾಲ ಬಳಿ ಕೂತಳು.

ಮಧ್ಯಾಹ್ನ ಹುಡುಗಿ ಕಣ್ಣು ಬಿಟ್ಟಿತು.

"ಯಾಕ ಸುಳ್ಳ ಹೇಳ್ದಿ ನನ್ನ ಕೂಸೇ?" ಎಂದು ಅನಸುಬಾಯಿ ತಲೆ ಸವರಿದಳು.

"ನಿನ್ನ ಕಡಿ ಉಂಡ್ರ ಮಮ್ಮಿ ಸಿಟ್ಟ ಆಗ್ತಾಳ. ಮಮ್ಮಿ ಕಡಿ ಉಂಡ್ರ ನೀ ಮಾತಾಡಂಗಿಲ್ಲ. ಪಪ್ಪಾ ಕೋರ್ಟಿನ್ಯಾಗ ಹೇಳ್ತೀನಿ ಅಂತಾನ." ಹುಡುಗಿ ಬಹಳ ಹೊತ್ತು ಯೋಚಿಸಿ ಇಟ್ಟುಕೊಂಡ ಲೆಕ್ಕದಂತೆ ಹೇಳಿತು. "ಎಲ್ಲೂ ಉಣ್ಲಿಲ್ಲ ಅಂದ್ರ ಯಾರ ಕಡೀಗೂ ಆಗಂಗಿಲ್ಲಲ್ಲ ಆಯಿ."

ವಕೀಲನ ಮಾತಿಗೆ ಬಾಗಿದ ತನ್ನ ಕುತ್ತಿಗೆ ಅಲ್ಲೇ ಮುರಿದು ಬಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅನಸುಬಾಯಿಗೆ. ಮೇಕೆಯ ಬಾಯಿಗೆ ತಾನೇ ಹಾಕಿ ಬಂದ ರೊಟ್ಟಿಗಳು ಒಂದೊಂದಾಗಿ ನೆನಪಿಗೆ ಬಂದವು.

ಮನೆಗೆ ಬಂದವಳೇ ಪಡಸಾಲೆಯ ಒಲೆಯನ್ನು ಸಿಲಿಂಡರ್ ಸಮೇತ ಸೈದಾನಬಿಯ ಮನೆಗೆ ಸಾಗಿಸಿದಳು. ಸಂಜೆ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ನನಗೂ ಒಂದ ರೊಟ್ಟಿ ಹಾಕವಾ ಕರುಣಾ."

ಕರುಣಾ ತಟ್ಟೆಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. "ಕುಂದ್ರಿ" ಎಂದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ, ಅನ್ನುವ ಕಾರಣವೂ ಇರಲಿಲ್ಲ.

ಮೂವರೂ ಒಂದೇ ಚಾಪೆಯ ಮೇಲೆ ಕೂತರು. ಮೈತ್ರಿ ತುತ್ತು ಮುರಿದು ಅಮ್ಮನ ಮುಖ ನೋಡಿದಳು, ಆಯಿಯ ಮುಖ ನೋಡಿದಳು. ಇಬ್ಬರೂ ನಗಲು ನೋಡಿದರು. ಆ ನಗು ನೋಡಿಯೇ ಹುಡುಗಿ ಇನ್ನಷ್ಟು ಹೆದರಿತೋ ಏನೋ, ಅರ್ಧ ರೊಟ್ಟಿ ಬಿಟ್ಟು "ಸಾಕು" ಎಂದು ಎದ್ದಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತುತ್ತಿಗೊಮ್ಮೆ ಎರಡು ಮುಖಗಳನ್ನು ಓದುವ ಹುಡುಗಿಗೆ ಅನ್ನ ಇಳಿಯುವುದಾದರೂ ಹೇಗೆ?

ರವಿವಾರ ದೇವಿಂದ್ರ ಬಂದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೇ ಬಂದ.

"ನೋಡಿದ್ಯಾ ಯವ್ವಾ? ಅದಕ್ಕೇ ನಾ ಬಡ್ಕೊಂಡಿದ್ದೆ, ವಸತಿ ಶಾಲಿಗೆ ಹಾಕೋಣು ಅಂತ. ಈ ಮನ್ಯಾಗ ಹುಡುಗಿ ಉಪಾಸ ಬಿದ್ದಾಳ ಅಂತ ಕೋರ್ಟಿನ್ಯಾಗ ಅರ್ಜಿ ಕೊಡ್ತೀನಿ."

"ಯಾರಿಂದ ಬಿತ್ತೋ ಉಪಾಸ?" ಅನಸುಬಾಯಿಯ ದನಿ ಏರಿತು. "ಒಲಿ ಬ್ಯಾರೆ ಮಾಡು ಅಂದಾಂವ ಯಾರು?"

"ಒಲಿ ಬ್ಯಾರೆ ಮಾಡು ಅಂದೆ. ನನ್ನ ಮಗಳಿಗೆ ಉಣಸಬ್ಯಾಡ ಅಂದೆನೇನು? ಎಲ್ಲಾ ನನ್ನ ಕೈಲೇ ಅಂತ ಕೋರ್ಟಿನ್ಯಾಗ ಆಣಿ ಮಾಡಿದಾಕಿ ನೀನೇ ಅಲ್ಲೇನು?"

ಆಡಿದ ಮೇಲೆ ದೇವಿಂದ್ರ ತಾನೇ ಹೆದರಿದವನಂತೆ ನಿಂತ. ಅವನಿಗೂ ಹೋಟೆಲಿನ ಪೂರಿ ನೆನಪಾಗಿರಬೇಕು, ಅದನ್ನು ಹುಡುಗಿ ಎಷ್ಟು ಆತುರದಿಂದ ತಿನ್ನುತ್ತಿತ್ತು ಎಂಬುದು. ಒಳಗಿನಿಂದ ಕರುಣಾ ಬಂದಳು.

"ಜಗಳ ಬ್ಯಾಡ. ಆಕಿ ಮಲ್ಕೊಂಡಾಳ. ಕೋರ್ಟಿನ್ಯಾಗ ಏನ್ ಹೇಳ್ಬೇಕು ಅದನ್ನ ನಾನೇ ಹೇಳ್ತೀನಿ."

ಮುಂದಿನ ತಾರೀಖಿಗೆ ಅನಸುಬಾಯಿ ಒಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದಳು. ನಾ ಸುಳ್ಳು ಹೇಳಿದೆ, ಒಲೆ ಒಂದೇ ಇತ್ತು, ಮೊದಲಿಂದಲೂ ಸೊಸೆಯೇ ಉಣಿಸುತ್ತಿದ್ದಳು, ಮನೆ ಅವಳಿಗೆ ಇರಲಿ ಎಂದು ಎದ್ದು ಹೇಳಿಬಿಡುವುದು. ವರಾಂಡದಲ್ಲೇ ಚೌಡೇಶನಿಗೆ ಹೇಳಿದಳು. ಅವನು ಗಾಬರಿಯಾಗಿ ಸುತ್ತ ನೋಡಿದ.

"ಹುಚ್ಚ ಹಿಡದದೇನ್ರಿ ಅಮ್ಮಾ? ಆಣಿ ಮಾಡಿ ಸುಳ್ಳ ಹೇಳೀನಿ ಅಂದ್ರ ನಿಮ್ಮ ಮ್ಯಾಲೇ ಕೇಸ್ ಆಗ್ತದ. ಜೈಲಿಗಿ ಹೋಗ್ತೀರೇನು ಈ ವಯಸ್ಸಿನ್ಯಾಗ?"

ಜೈಲು ಎಂಬ ಒಂದು ಮಾತಿಗೆ ಅವಳ ಗಟ್ಟಿ ಮನಸ್ಸು ನೀರಾಯಿತು. ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಳು.

ಜಡ್ಜ್ ಮೇಡಂ ಕಾಗದ ನೋಡಿದರು. "ಹುಡುಗಿಗೆ ನಾನೇ ಉಣಿಸುತ್ತೇನೆ ಎಂದು ಅಜ್ಜಿ ಹೇಳಿದ್ದಾರೆ. ಹುಡುಗಿ ಹಸಿವಿನಿಂದ ಬಿದ್ದಿದ್ದಾಳೆ. ಅಜ್ಜಿ ಬಂದಿದ್ದಾರೆಯೇ?" ಎಂದರು. ಅನಸುಬಾಯಿ ಎದ್ದು ನಿಂತಳು. "ಏನಾದರೂ ಹೇಳುವುದಿದೆಯೇ ಅಮ್ಮಾ?"

ಇಡೀ ಕೋರ್ಟು ತಿರುಗಿ ನೋಡಿತು. "ಏನಿಲ್ರಿ" ಎಂದು ಕೂತಳು. ಕೂತ ಮೇಲೆ ತಿಳಿಯಿತು, ಬದುಕಿನಲ್ಲಿ ಇನ್ನೊಮ್ಮೆ ಹೀಗೆ ಯಾರೂ ಕರೆದು ಕೇಳುವುದಿಲ್ಲ ಎಂದು.

ಆಮೇಲೆ ಮೇಡಂ ತಂದೆತಾಯಿಯನ್ನು ಕೇಳಿದರು, ಮಗಳ ಬಗ್ಗೆ ನೀವಿಬ್ಬರೂ ಸೇರಿ ಏನಾದರೂ ಒಂದು ತೀರ್ಮಾನಕ್ಕೆ ಬರುತ್ತೀರಾ ಎಂದು. ದೇವಿಂದ್ರ ಬಾಯಿ ತೆರೆಯುವ ಮೊದಲೇ ಕರುಣಾ ಎದ್ದಳು.

"ವಸತಿ ಶಾಲಿಗೆ ಕಳಸ್ರಿ ಮೇಡಂ. ನಾ ಒಪ್ಪೀನಿ."

ದೇವಿಂದ್ರ ಬೆಚ್ಚಿ ಅವಳ ಕಡೆ ನೋಡಿದ. ವರ್ಷಗಟ್ಟಲೆ ಇದೊಂದು ಮಾತಿಗಾಗಿ ಜಗಳವಾಡಿದವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ನೀವು ಬೇಡ ಎನ್ನುತ್ತಿದ್ದಿರಲ್ಲ?" ಎಂದರು ಮೇಡಂ.

"ನನ್ನ ಕಣ್ಣಮುಂದ ಇರ್ಲಿ ಅಂತಿದ್ದೆರಿ. ಕಣ್ಣಮುಂದೇ ಉಪಾಸ ಇದ್ಳು, ನನಗ ಕಾಣಲಿಲ್ಲ. ಅಲ್ಲರೆ ಉಣ್ಲಿ."

ಮನೆಯ ವಿಷಯ ಮುಗಿಯುವ ತನಕ ಕರುಣಾ ಅಲ್ಲೇ ಇರಬಹುದು ಎಂದೂ ಅದೇ ದಿನ ಆದೇಶವಾಯಿತು. ಯಾರಿಗಾಗಿ ಮನೆ ಹಿಡಿದು ಕೂತಿದ್ದಳೋ ಆ ಹುಡುಗಿ ಹೊಸ ವರ್ಷದ ಮೊದಲ ವಾರ ತಂದೆಯ ಕೈ ಹಿಡಿದು ಹೋಯಿತು. ಪಡಸಾಲೆಯಲ್ಲಿ ನಿಂತು ಬೀಳ್ಕೊಟ್ಟ ಅತ್ತೆ ಸೊಸೆ ಆ ಸಂಜೆ ಒಂದೇ ಒಲೆಯ ಅಡುಗೆ ಉಂಡರು. ತಪ್ಪು ತನ್ನದು ಎಂದು ಅನಸುಬಾಯಿ ಹೇಳಲು ಹೋದಾಗ ಕರುಣಾ ತಡೆದಳು.

"ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಅತ್ತಿ? ಹೇಳೋ ಕಡಿ ಹೇಳ್ಲಿಲ್ಲ."

ಸಂಕ್ರಾಂತಿ ಕಳೆದ ಮೇಲಿನ ರವಿವಾರ ಇಬ್ಬರೂ ಶೇಂಗಾ ಹೋಳಿಗೆ ಕಟ್ಟಿಕೊಂಡು ಸೇಡಂ ಮೇಲೆ ಹಾದು ಚಿಂಚೋಳಿ ಬಸ್ಸು ಹಿಡಿದರು. ಶಾಲೆ ಮುಟ್ಟುವಾಗ ಮಕ್ಕಳ ಊಟದ ಹೊತ್ತು. ಇಲ್ಲೇ ನಿಂತು ನೋಡ್ರಿ ಎಂದು ಕಾವಲುಗಾರ ಊಟದ ಕೋಣೆಯ ಬಾಗಿಲು ತೋರಿಸಿದ.

ಮೈತ್ರಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಗಲ್ಲ ತುಂಬಿತ್ತು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದಳು. ಬಡಿಸುವ ಹೆಂಗಸು ಅನ್ನ ಹಾಕಿ ಹೋದಳು, ಇನ್ನೊಬ್ಬಾಕೆ ಸಾರು ಹಾಕಿದಳು. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ತಲೆ ಬಗ್ಗಿಸಿ, ಬೆರಳು ನೆಕ್ಕಿಕೊಂಡು ಉಂಡಳು. ತಟ್ಟೆ ಬರಿದಾದಾಗ ಅದನ್ನು ಮುಂದೆ ಚಾಚಿದಳು, ಮತ್ತೆ ಹಾಕಿಸಿಕೊಂಡಳು.

ಕರುಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊಮ್ಮಗಳು ಹೊಟ್ಟೆ ತುಂಬ ಉಣ್ಣುವುದನ್ನು ನೋಡಿ ಎದೆ ಹಿಗ್ಗಬೇಕಾದ ಹೊತ್ತಿಗೆ ಅನಸುಬಾಯಿಗೆ ಅಲ್ಲಿ ನಿಲ್ಲಲಾರದಷ್ಟು ನಾಚಿಕೆಯಾಯಿತು.

ಕೈ ತೊಳೆದು ಬಂದ ಮೈತ್ರಿ ಅಮ್ಮನನ್ನು ತಬ್ಬಿಕೊಂಡಳು, ಆಯಿಯ ಸೊಂಟ ಹಿಡಿದಳು. ಯಾವ ಮನೆಯಲ್ಲೇ ಆಗಲಿ, ಬಂದ ಮಗುವನ್ನು ದೊಡ್ಡವರು ಮೊದಲು ಕೇಳುವ ಮಾತು ಅನಸುಬಾಯಿಯ ತುಟಿಗೂ ಬಂತು. ಉಂಡ್ಯಾ ಎಂದು ಕೇಳುವ ಧೈರ್ಯವಾಗಲಿಲ್ಲ, ಸುಮ್ಮನೆ ತಲೆ ಸವರಿದಳು.

ಹುಡುಗಿಯೇ ಹಿಗ್ಗಿನಿಂದ ಹೇಳಿತು:

"ಎರಡ ಸಲ ಅನ್ನ ಹಾಕಿಸ್ಕೊಂಡೆ ಆಯಿ. ಇಲ್ಲಿ ಎಷ್ಟರೆ ಉಣ್ರಿ, ಯಾರೂ ಏನೂ ಕೇಳಂಗಿಲ್ಲ."

"ಛಲೋ ಆಯ್ತವಾ" ಎಂದಳು ಅನಸುಬಾಯಿ, ಹುಡುಗಿಯ ಮುಖ ನೋಡಲಾಗದೆ.